ಮರವಂತೆಯ ಮರಳು ಮಳೆಗಾಲದಲ್ಲಿ ಎಲ್ಲಿಗೆ ಹೋಗುತ್ತದೆ?

ಕಡಲಪಕ್ಕದವ:
ನಮ್ಮ ಮನೆ ಮರವಂತೆ ಹತ್ತಿರ. ಜುಲೈಯಲ್ಲಿ ತೆರೆ ಬಂದು ಹೆದ್ದಾರಿ ಪಕ್ಕದ ಕಲ್ಲಿಗೇ ಬಡಿಯುತ್ತಿರುತ್ತದೆ, ಮರಳೇ ಕಾಣುವುದಿಲ್ಲ. ಡಿಸೆಂಬರಿಗೆ ಹೋದರೆ ಮಕ್ಕಳು ಕ್ರಿಕೆಟ್ ಆಡುವಷ್ಟು ಮರಳು ವಾಪಸ್ ಬಂದಿರುತ್ತದೆ. ಅಲೆಯಲ್ಲಿ ನೀರು ಮುಂದೆ ಹೋಗುವುದೇ ಇಲ್ಲ, ಇದ್ದಲ್ಲೇ ಕುಣಿಯುತ್ತದೆ ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. ಹಾಗಾದರೆ ತಳದ ಮರಳನ್ನು ಎಳೆದುಕೊಂಡು ಹೋಗುವುದು ಯಾರು?

ಉಪ್ಪುನೀರು:
ಮೇಷ್ಟ್ರು ಹೇಳಿದ್ದು ಆಳ ಸಮುದ್ರಕ್ಕೆ ಹೆಚ್ಚುಕಡಿಮೆ ಸರಿ. ಅಲ್ಲಿ ನೀರಿನ ಕಣ ಗುಂಡಗೆ ಸುತ್ತುತ್ತದೆ, ಕೆಳಗೆ ಹೋದಂತೆ ಸುತ್ತು ಸಣ್ಣದಾಗುತ್ತದೆ, ಅಲೆಯ ಉದ್ದದ (ಒಂದು ನೆತ್ತಿಯಿಂದ ಮುಂದಿನ ನೆತ್ತಿಗೆ ಇರುವ ದೂರ) ಅರ್ಧದಷ್ಟು ಆಳದಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಆದರೆ 10 ಸೆಕೆಂಡಿಗೊಂದು ಬರುವ ಅಲೆಯ ಉದ್ದ ಅಲ್ಲಿ ಸುಮಾರು 156 ಮೀಟರ್. ಅಂದರೆ 78 ಮೀಟರಿಗಿಂತ ಆಳ ಕಡಿಮೆಯಾದರೆ ಅದು ತಳ ಮುಟ್ಟಲು ಶುರು! ದಡದ ಹತ್ತಿರ ಆ ಸುತ್ತು ಚಪ್ಪಟೆಯಾಗಿ ತಳದಲ್ಲಿ ಬರೀ ಹಿಂದೆ ಮುಂದೆ ಓಡಾಟವಾಗುತ್ತದೆ. ಸುಮ್ನೆ ಲೆಕ್ಕ ಹಾಕಿ ನೋಡಿದೆ. 10 ಮೀಟರ್ ಆಳದಲ್ಲಿ 1 ಮೀಟರ್ ಎತ್ತರದ ಅಲೆ ತಳದ ನೀರನ್ನು ಸೆಕೆಂಡಿಗೆ ಸುಮಾರು 43 ಸೆಂ.ಮೀ. ವೇಗದಲ್ಲಿ ಓಡಿಸುತ್ತದೆ, 3 ಮೀಟರಿನ ಮಳೆಗಾಲದ ಅಲೆ 1.3 ಮೀಟರ್ ವೇಗದಲ್ಲಿ. ಮರಳನ್ನು ಉಜ್ಜುವ ಬಲ ವೇಗದ ವರ್ಗದಂತೆ ಏರುತ್ತದೆ, ಹಾಗಾಗಿ ಅಲೆ ಮೂರು ಪಟ್ಟಾದರೆ ಬಲ ಸುಮಾರು ಒಂಬತ್ತು ಪಟ್ಟು. ಸಣ್ಣ ಮರಳು ಏಳಲು ಸೆಕೆಂಡಿಗೆ 20 ಸೆಂ.ಮೀ. ಆಸುಪಾಸಿನ ವೇಗವೇ ಸಾಕು.

ಕಡಲಪಕ್ಕದವ:
ಹಿಂದೆ ಮುಂದೆ ಓಡಿದರೆ ಎದ್ದ ಮರಳು ಅಲ್ಲೇ ಬೀಳಬೇಕಲ್ವಾ?

ಉಪ್ಪುನೀರು:
ಅದೇ ಮಜಾ ಇರುವುದು. ಎಬ್ಬಿಸುವುದು ಅಲೆ, ಸಾಗಿಸುವುದು ಹೆಚ್ಚಾಗಿ ಬೇರೆ ಹರಿವು. ಮಳೆಗಾಲದ ದೊಡ್ಡ ತೆರೆ ಒಡೆದು ದಡದ ಮೇಲೆ ನೀರು ರಾಶಿ ಹಾಕುತ್ತದೆ, ಆ ನೀರು ತಳದ ಹಾದಿಯಲ್ಲಿ ವಾಪಸ್ ಹೋಗುವಾಗ ಎದ್ದ ಮರಳನ್ನೂ ಹೊತ್ತೊಯ್ಯುತ್ತದೆ. ತೆರೆ ಒಡೆಯುವ ಜಾಗದ ಹತ್ತಿರ ಅದು ದಿಬ್ಬವಾಗಿ ಕೂರುತ್ತದೆ. ಆಮೇಲೆ ಕಡಲು ಶಾಂತವಾದಾಗ ಬರುವ ಅಲೆಗಳ ನೆತ್ತಿ ಚೂಪು, ನಡುವಿನ ತಗ್ಗು ಉದ್ದ. ದಡದ ಕಡೆ ನೀರು ಸ್ವಲ್ಪ ಹೊತ್ತು ಜೋರಾಗಿ ಓಡುತ್ತದೆ, ಕಡಲಿನ ಕಡೆ ಜಾಸ್ತಿ ಹೊತ್ತು ನಿಧಾನವಾಗಿ. ಬಲ ವರ್ಗದ ಲೆಕ್ಕವಾದ್ದರಿಂದ ಜೋರಿನ ಓಟವೇ ಗೆಲ್ಲುತ್ತದೆ, ಮರಳು ಚೂರುಚೂರೇ ದಡಕ್ಕೆ ಬರುತ್ತದೆ. ಅದಕ್ಕೇ ಹೋಗುವುದು ನಾಲ್ಕು ದಿನದಲ್ಲಿ, ಬರುವುದು ತಿಂಗಳುಗಟ್ಟಲೆ.

ಬಲೆ ಸುಬ್ಬ:
ಆ ದಿಬ್ಬ ನಮಗೆ ಚೆನ್ನಾಗಿ ಗೊತ್ತು ಮಾರಾಯ್ರೆ. ಜುಲೈ 31ಕ್ಕೆ ಮೀನುಗಾರಿಕೆ ರಜೆ ಮುಗಿಸಿ ದೋಣಿ ಇಳಿಸಿದರೆ ಅಳಿವೆ (ಹೊಳೆ ಕಡಲು ಸೇರುವ ಜಾಗ) ಬಾಗಿಲಿನಲ್ಲಿ ಹೊಯ್ಗೆ, ಅಂದರೆ ಮರಳು, ಹಳೇ ಜಾಗದಲ್ಲಿ ಇರುವುದೇ ಇಲ್ಲ. ನೀರಿನ ಬಣ್ಣಕ್ಕಿಂತ ತೆರೆ ಎಲ್ಲಿ ಒಡೆಯುತ್ತದೆ ನೋಡಿ ದಾರಿ ಹುಡುಕುತ್ತೇವೆ, ಒಡೆದ ಕಡೆ ತಳ ಮೇಲಿದೆ ಅಂತ ಲೆಕ್ಕ.

ತೀರದ ಕಲ್ಲು:
ಎಲ್ಲಾ ಮರಳೂ ವಾಪಸ್ ಬರುತ್ತದೆ ಅಂತಲ್ಲ. ಅಲೆ ಓರೆಯಾಗಿ ಬಂದರೆ ದಡದುದ್ದಕ್ಕೂ ಒಂದು ಹರಿವು ಹುಟ್ಟಿ ಮರಳನ್ನು ಪಕ್ಕಕ್ಕೆ ಹೊತ್ತೊಯ್ಯುತ್ತದೆ. ಆ ಮರಳನ್ನು ತಡೆಯಲೆಂದೇ ಮರವಂತೆಯಲ್ಲಿ ದಡದಿಂದ ಕಡಲೊಳಕ್ಕೆ ಚಾಚುವಂತೆ ಕಲ್ಲಿನ ಸಾಲು ಹಾಕಿರುವುದು. ಸಾಲಿನ ಒಂದು ಕಡೆ ಮರಳು ನಿಂತರೆ ಇನ್ನೊಂದು ಕಡೆಗೆ ಬರುವುದು ಅಷ್ಟು ಕಡಿಮೆ. ಹಾಗಾಗಿ ಮರವಂತೆ ಒಂದನ್ನೇ ನೋಡಬೇಡಿ, ಕಲ್ಲಿನ ಸಾಲು ಮುಗಿದ ಮೇಲಿನ ದಡವನ್ನೂ ಡಿಸೆಂಬರಿನಲ್ಲಿ ನೋಡಿ ಬಂದು ಹೇಳಿ.

ಕಡಲಪಕ್ಕದವ:
ಭಾನುವಾರ ಹೋಗುತ್ತೇನೆ, ಫೋಟೋ ಹಾಕುತ್ತೇನೆ.