ಅಪ್‌ಡೇಟ್: ತಾಳವಾಡಿ ಚಳಿಯಲ್ಲಿ ತೊಟ್ಟಿಗೆ ಇಳಿದೆವು
ಪಕ್ಕದ ಮನೆ ಹುಡುಗಿಯ ಆಪರೇಷನ್‌ಗೆ ದುಡ್ಡು ಸೇರಿಸಲು ಜನವರಿ ಮುಂಜಾನೆ ತೋಟದ ತಣ್ಣೀರಿನ ತೊಟ್ಟಿಗೆ ಇಳಿಯುತ್ತೇವೆ, ಉಸಿರು ಕಟ್ಟಿದರೆ ಏನು ಮಾಡೋದು ಅಂತ ಕೇಳಿದ್ದೆ ಅಲ್ವಾ? ಭಾನುವಾರ ಇಳಿದೆವು. ಮಂಜಿನಲ್ಲಿ ಎದುರಿನ ತೆಂಗಿನ ಮರವೂ ಕಾಣುತ್ತಿರಲಿಲ್ಲ. ನೀವು ಹೇಳಿದಂತೆ ಧುಮುಕದೆ ಮೆಟ್ಟಿಲು ಹಿಡಿದು ಇಳಿದೆ. ನೀರು ಎದೆಗೆ ಬಂದ ತಕ್ಷಣ ಉಸಿರು ಜೋರಾಗಿ ಎಳೆದುಕೊಂಡಿತು, ಬಾಯಿಂದ ನಿಧಾನವಾಗಿ ಬಿಡುತ್ತಾ ಮನಸ್ಸಲ್ಲೇ ಎಣಿಸಿದೆ, ಒಂದೂವರೆ ನಿಮಿಷಕ್ಕೆಲ್ಲಾ ಹತೋಟಿಗೆ ಬಂತು. ನಡುಕ ಜಾಸ್ತಿಯಾಗಿದ್ದು ಮೇಲೆ ಬಂದ ಮೇಲೆ! ಹೊರಗೆ ಬಂದರೂ ಮೈಯೊಳಗಿನ ಶಾಖ ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ, ಅದಕ್ಕೇ ಒದ್ದೆ ಬಟ್ಟೆ ಬೇಗ ಬದಲಿಸಿ. ಅವ್ವ ಕಂಬಳಿ ಹೊದಿಸಿ ರಾಗಿ ಗಂಜಿ ಕೊಟ್ಟಳು, ಲೋಟ ಹಿಡಿಯಲು ಎರಡೂ ಕೈ ಬೇಕಾಯಿತು. ಇಳಿದಿದ್ದು ನಾವು 14 ಜನ, ಅದಕ್ಕೆ ಊರವರು ಕೊಟ್ಟಿದ್ದು 23,500 ರೂಪಾಯಿ. ಇನ್ನೂ ಸಾಲದು, ಆದರೆ ಮುಂಗಡ ಕಟ್ಟಿದ್ದಾಯಿತು.