ಆರು ಗಂಟೆ ಅಂದ್ರೆ ಯಾರ ಆರು ಗಂಟೆ?

ಆರಕ್ಕೆ ಸಿಗೋಣ ಅಂತ ಮಾತಾಗಿತ್ತು, ಎಲ್ರೂ ಬಂದು ಕೂತಾಯ್ತು, ಇವನೊಬ್ಬ ಪತ್ತೆ ಇಲ್ಲ. ಕೊನೆಗೆ ಬಂದ, ಬಂದವನು ಸಾರಿ ಗೀರಿ ಏನೂ ಇಲ್ಲ, ಸೀದಾ ವಾಚನ್ನ ನಮ್ಮ ಮೂಗಿನ ಮುಂದೆ ಹಿಡಿದ. ದೊಡ್ಡ ಮುಳ್ಳು ಹನ್ನೆರಡರ ಮೇಲೆ, ಚಿಕ್ಕದು ಆರರ ಮೇಲೆ, ನೆಟ್ಟಗೆ ಗೆರೆ ಎಳೆದಂಗೆ.

"ನೋಡ್ರಪ್ಪ, ಕರೆಕ್ಟ್ ಆರು. ಮಧ್ಯಾಹ್ನ ಹನ್ನೆರಡಕ್ಕೆ ಸರಿ ಮಾಡಿಟ್ಟಿದ್ದೆ, ಅದು ಗಂಟೆಗೆ ಐದು ನಿಮಿಷ ಸ್ಲೋ ಹೋದ್ರೆ ನಾನೇನ್ ಮಾಡ್ಲಿ?"

"ಆರೈದ್ಲಿ ಮೂವತ್ತು, ಅಂದ್ರೆ ಈಗ ಆರೂವರೆ" ಅಂದೆ. ಬಾಯಿಲೆಕ್ಕದಲ್ಲಿ ನಂಗೆ ಯಾವಾಗ್ಲೂ ಸ್ವಲ್ಪ ಆತುರ ಜಾಸ್ತಿ.

ನಮ್ಮಲ್ಲೊಬ್ಬಳು ಕಾಂಪಿಟಿಟಿವ್ ಎಕ್ಸಾಮಿಗೆ ಓದ್ತಾ ಇದಾಳೆ, ಅವಳಿಗೆ ತಡೀಲಿಲ್ಲ. "ಗಂಟೆಗೆ ಐದು ಅಂದ್ರೆ ನಿಜವಾದ ಗಂಟೆಗೆ ಕಣೋ, ವಾಚಿನ ಗಂಟೆಗಲ್ಲ! ನಿಜವಾಗ್ಲೂ 60 ನಿಮಿಷ ಕಳೆದಾಗ ಇದು ನಡೆಯೋದು ಬರೀ 55. ಈಗ ಅದು 360 ನಡೆದಿದೆ. ತ್ರೈರಾಶಿ ಹಾಕು."

ಹಾಕಿದ್ವಿ. 360ನ್ನ 60ರಿಂದ ಗುಣಿಸಿ 55ರಿಂದ ಭಾಗಿಸಿದ್ರೆ 392 ನಿಮಿಷ, ಮೇಲೆ 44 ಸೆಕೆಂಡ್ ಹತ್ರ ಹತ್ರ. ಅಂದ್ರೆ ಅವನು ವಾಚ್ ತೋರಿಸಿದಾಗ ಆರೂವರೆ ಅಲ್ಲ, ಆರೂ ಮೂವತ್ಮೂರು ಆಗ್ತಾ ಬಂದಿತ್ತು. ಈ ಎರಡು ಮುಕ್ಕಾಲು ನಿಮಿಷಕ್ಕೆ ನಾವು ಕಾಲು ಗಂಟೆ ಜಗಳ ಆಡಿದ್ವಿ, ಅದು ಬೇರೆ ವಿಷ್ಯ. ಈ ಗಡಿಯಾರದ ಲೆಕ್ಕಗಳಲ್ಲಿ ಎಲ್ರೂ ಬೀಳೋ ಗುಂಡಿ ಇದೊಂದೇ ಅನ್ಸುತ್ತೆ ನಂಗೆ, ವಾಚಿನ ಮುಖ ನೋಡಿ ಕೂಡಿಬಿಡೋದು. ಇನ್ನೊಂದು ಡೌಟು, ಎಕ್ಸಾಮ್ ಪುಸ್ತಕದಲ್ಲಿ ಇಷ್ಟೊಂದು ಕೆಟ್ಟ ಗಡಿಯಾರ ಇರ್ತಾವಲ್ಲ, ಒಬ್ರೂ ಸೆಲ್ ಚೇಂಜ್ ಮಾಡಲ್ವಾ?

"ಸ್ಲೋ ಗಡಿಯಾರಕ್ಕಿಂತ ಕೆಟ್ಟು ನಿಂತಿದ್ದೇ ವಾಸಿ" ಅಂದ್ಲು ಅವಳು. "ದಿನಕ್ಕೆ ಒಂದೇ ನಿಮಿಷ ಹಿಂದೆ ಬೀಳೋದು ಮತ್ತೆ ಸರಿ ಟೈಮ್ ತೋರಿಸ್ಬೇಕು ಅಂದ್ರೆ ಹನ್ನೆರಡು ಗಂಟೆ, ಅಂದ್ರೆ 720 ನಿಮಿಷ ಹಿಂದೆ ಬೀಳ್ಬೇಕು, 720 ದಿನ ಕಾಯ್ಬೇಕು. ನಿಂತಿದ್ದು ದಿನಕ್ಕೆ ಎರಡು ಸಲ ಸರಿ."

ಇವನು ತಕ್ಷಣ ವಾಚ್ ಬಿಚ್ಚೋಕೆ ಶುರು ಮಾಡಿದ, ಸೆಲ್ ಕಿತ್ತಾಕ್ತೀನಿ ಅಂತ! ತಡೆದು ಕೂರಿಸಿದ್ವಿ.

"ಆಯ್ತು, ಮನೇಲಿರೋ ಗಡಿಯಾರ ಗಂಟೆಗೆ ಐದು ನಿಮಿಷ ಫಾಸ್ಟು. ಎರಡನ್ನೂ ಹನ್ನೆರಡಕ್ಕೆ ಸರಿ ಮಾಡಿಡ್ತೀನಿ, ಎರಡೂ ಆರು ಅಂದಾಗ ಬರ್ತೀನಿ. ಸಾಕಾ?"

ಅವಳು ಪೆನ್ ತಗೊಂಡ್ಲು. ಗಂಟೆಗೆ ಹತ್ತು ನಿಮಿಷ ಅಂತರ, ಎರಡೂ ಮತ್ತೆ ಒಂದೇ ಟೈಮ್ ತೋರಿಸ್ಬೇಕು ಅಂದ್ರೆ 720 ನಿಮಿಷ ಅಂತರ ಆಗ್ಬೇಕು, ಅದಕ್ಕೆ 72 ಗಂಟೆ. ಮೂರು ದಿನ ಆದ್ಮೇಲೆ ಒಂದು ಆರು ಗಂಟೆ ಮುಂದೆ, ಒಂದು ಆರು ಗಂಟೆ ಹಿಂದೆ, ಎರಡೂ ತೋರಿಸೋದು ಆರೇ.

"ಆವಾಗ ನಿಜವಾದ ಟೈಮ್ ಮಧ್ಯಾಹ್ನ ಹನ್ನೆರಡು ಕಣೋ!"

"ಹಂಗಾದ್ರೆ ಆವತ್ತು ನೀವೇ ಲೇಟು" ಅಂದ.