ಮನೆ ಮುಂದೆ ಅಚ್ಚಿನ ಕಾಂಕ್ರೀಟ್ ಹಾಕ್ಸೋ ಮುಂಚೆ ಅತ್ತೆ ಮಾತು ಪೂರ್ತಿ ಕೇಳು

ಮಗ, ನಿನ್ ಮೆಸೇಜು ಬೆಳಗ್ಗೆನೇ ನೋಡ್ದೆ, ಹಾಲು ಕಾಯ್ಸಿ ಕೆಲಸದೋರ್ನ ತೋಟಕ್ಕೆ ಕಳ್ಸೋ ಹೊತ್ತಿಗೆ ಇಷ್ಟೊತ್ತಾಯ್ತು. ನಾನು ಹೇಳ್ತಾ ಹೋಗ್ತೀನಿ ಸೊಸೆ ಟೈಪ್ ಮಾಡ್ತಾಳೆ, ಉದ್ದ ಆಯ್ತು ಅಂತ ಅರ್ಧಕ್ಕೆ ಬಿಡ್ಬೇಡ. ನೀನ್ ಕೇಳಿದ್ದು ಇಷ್ಟು ತಾನೆ, ಚಿಕ್ಕಮಗಳೂರಿನ ಹೊಸಾ ಮನೆ ಮುಂದೆ ಕಾರ್ ಬರೋ ದಾರಿಗೂ ಸಿಟ್‌ಔಟ್ ಪಕ್ಕದ ಜಾಗಕ್ಕೂ ಸ್ಟ್ಯಾಂಪ್ಡ್ ಕಾಂಕ್ರೀಟ್, ಅದೇ ಕಲ್ಲಿನ ಅಚ್ಚು ಒತ್ತಿದ ಕಾಂಕ್ರೀಟ್ ಹಾಕ್ಸಣ ಅಂತ, ಕಾಂಟ್ರಾಕ್ಟರ್ ಸೋಮವಾರ ಶುರು ಮಾಡ್ತೀನಿ ಅಂತಾನೆ, ಆಫೀಸಲ್ಲಿ ಯಾರೋ ಅದು ಜಾರುತ್ತೆ ಬಿರುಕು ಬಿಡುತ್ತೆ ಅಂತ ಹೆದರಿಸಿದ್ರು, ಯಾರಾದ್ರೂ ಹಾಕ್ಸಿದೀರಾ ಅಂತ.

ನಾನು ಹಾಕ್ಸಿದೀನಿ. ಹಾಕ್ಸಿ ಬಿದ್ದಿದೀನಿ. ನನ್ನ ಸೊಂಟದಲ್ಲಿ ರಾಡ್ ಇರೋದು ನಿಮಗೆಲ್ಲ ಗೊತ್ತು, ಅದು ಯಾಕ್ ಬಂತು ಅನ್ನೋದು ಈ ಗ್ರೂಪಲ್ಲಿ ಎಷ್ಟು ಜನಕ್ಕೆ ಗೊತ್ತೋ ನಂಗೊತ್ತಿಲ್ಲ.

ಚಿಕ್ಕೋಳ ಮದುವೆ ಆಯ್ತಲ್ಲ 2019ರಲ್ಲಿ, ಅದಕ್ಕೆ ಎರಡು ತಿಂಗಳು ಮುಂಚೆ ಅಂಗಳಕ್ಕೆ ಏನಾದ್ರೂ ಮಾಡ್ಸಣ ಅಂತ ಹೊರಟ್ವಿ. ನಿಮ್ಮ ಮಾವ ಸಿಮೆಂಟ್ ಇಟ್ಟಿಗೆ ಜೋಡ್ಸೋ ಇಂಟರ್‌ಲಾಕ್ ಹಾಕ್ಸಣ ಸಾಕು ಅಂದ್ರು, ನಾನೇ ಹಟ ಮಾಡಿದ್ದು, ಫೋನಲ್ಲಿ ನೋಡಿದ್ದೆ, ಚಪ್ಪಡಿ ಕಲ್ಲು ಜೋಡ್ಸಿದ ಹಾಗೇ ಕಾಣೋ ಅಚ್ಚು, ಬೂದಿ ಬಣ್ಣ, ಸಂದು ಸಂದಿಗೆ ಕಪ್ಪು. ಬಂದೋರು ಕೆಲಸ ಕೆಟ್ಟದಾಗಿ ಮಾಡಿದ್ರು ಅಂತ ಹೇಳಲ್ಲ, ಕಾಂಕ್ರೀಟ್ ಚೆನ್ನಾಗೇ ಹಾಕಿದ್ರು. ಕಾಂಕ್ರೀಟ್ ಹರಡಿ ಮಟ್ಟ ಮಾಡಿ, ಮೇಲೆ ಮೈ ಗಟ್ಟಿ ಮಾಡೋ ಬಣ್ಣದ ಹಾರ್ಡ್ನರ್ ಪುಡಿ ಉದುರಿಸಿ ಉಜ್ಜಿ, ಅಚ್ಚು ಅಂಟದೇ ಇರ್ಲಿ ಅಂತ ಇನ್ನೊಂದು ರಿಲೀಸ್ ಪುಡಿ ಹಾಕಿ, ಬೆರಳಲ್ಲಿ ಒತ್ತಿದ್ರೆ ಕಾಲಿಂಚು ಇಳಿಯೋ ಹದಕ್ಕೆ ಬಂದ್ಮೇಲೆ ರಬ್ಬರ್ ಥರದ ದಪ್ಪ ಮ್ಯಾಟ್ ಇಟ್ಟು ಮೇಲೆ ನಿಂತು ಬಡಿಯೋದು. ಆ ಹದ ಬಿಟ್ರೆ ಮುಗೀತು, ಬೇಗ ಒತ್ತಿದ್ರೆ ಕೆಸರು, ತಡ ಮಾಡಿದ್ರೆ ಅಚ್ಚೇ ಮೂಡಲ್ಲ. ಇಡೀ ದಿನ ಕುರ್ಚಿ ಹಾಕ್ಕೊಂಡು ಕೂತು ನೋಡ್ದೆ, ಅಷ್ಟು ಇಷ್ಟ ಆಗಿತ್ತು ನಂಗೆ.

ಕೆಟ್ಟಿದ್ದು ಕೊನೇಲಿ. ಮದುವೆಗೆ ಮೂರು ದಿನ ಇರೋವಾಗ ಸೀಲರ್, ಅಂದ್ರೆ ಕಾಂಕ್ರೀಟ್ ಮೇಲೆ ಬಳಿಯೋ ಲೇಪ, ಹೊಡೆಯೋಕೆ ಬಂದ್ರು, ಮೇಡಂ ಮ್ಯಾಟ್ ಬೇಕಾ ಗ್ಲಾಸಿ ಬೇಕಾ ಅಂದ್ರು, ನಾನು ಹೊಳೀಲಿ ಅಂದೆ. ಒಂದ್ ಕೋಟ್ ಹೊಡೆದ್ರು, ಸಾಲ್ದು ಇನ್ನೊಂದು ಹೊಡೀರಿ ಅಂದೆ. ಜಾರದೇ ಇರೋಕೆ ಅದರೊಳಗೆ ಸಣ್ಣ ಹರಳಿನ ಪುಡಿ ಕಲೆಸ್ಬೇಕು ಅಂತ ನಂಗೂ ಗೊತ್ತಿರ್ಲಿಲ್ಲ, ಅವರೂ ಬಾಯಿ ಬಿಡ್ಲಿಲ್ಲ. ಮದುವೆ ದಿನ ಕನ್ನಡಿ ಥರ ಇತ್ತು, ಫೋಟೋದಲ್ಲಿ ನೋಡಿ ಬೇಕಾದ್ರೆ, ಚಪ್ಪರದ ಮಾವಿನೆಲೆ ಕೆಳಗೆ ಕಾಣ್ಸುತ್ತೆ.

ಆಗಸ್ಟ್‌ನಲ್ಲಿ ಮಳೆ ಹಿಡೀತು. ಆ ವರ್ಷದ ಮಳೆ ಮೂಡಿಗೆರೆ ಕಡೆಯೋರು ಯಾರೂ ಮರೆಯಲ್ಲ, ಗುಡ್ಡಗುಡ್ಡನೇ ಜರಿದು ಚಾರ್ಮಾಡಿ ಘಾಟಿ ಬಂದ್ ಆಗಿತ್ತು. ಕರೆಂಟ್ ಇಲ್ದೆ ಐದನೇ ದಿನ. ಬೆಳಗಿನ ಜಾವ ಐದೂವರೆ, ಕೊಟ್ಟಿಗೆಯಿಂದ ಹಾಲು ಕರ್ಕೊಂಡು ಟಾರ್ಚು ಕಂಕುಳಲ್ಲಿ ಇಟ್ಕೊಂಡು ಬರ್ತಿದೀನಿ, ಹವಾಯಿ ಚಪ್ಪಲಿ, ಅಂಗಳಕ್ಕೆ ಎರಡನೇ ಹೆಜ್ಜೆ ಇಟ್ಟಿದ್ದಷ್ಟೇ. ಕಾಲು ಎಲ್ಲೋಯ್ತು ಅಂತ ಗೊತ್ತಾಗೋದ್ರೊಳಗೆ ಕೆಳಗಿದ್ದೆ. ಕೂಗಿದ್ದು ಕೇಳಿ ನಿಮ್ಮ ಮಾವ ಓಡಿ ಬಂದ್ರು, ಅವರೂ ಜಾರಿ ಮಂಡಿ ಊರಿದ್ರು. ಇಬ್ರೂ ಆ ಮಳೇಲಿ ಅಂಗಳದಲ್ಲಿ ಕೂತಿದೀವಿ, ಚೊಂಬಿನ ಹಾಲು ಆ ಅಚ್ಚಿನ ಸಂದಲ್ಲೆಲ್ಲ ಹರ್ಕೊಂಡು ಹೋಗ್ತಿದೆ, ಅದೊಂದು ನಂಗೆ ಇವತ್ತಿಗೂ ಕಣ್ಮುಂದೆ ಬರುತ್ತೆ. ಫೋನಿಗೆ ಸಿಗ್ನಲ್ ಇಲ್ಲ. ತೋಟದ ಕೆಲಸದೋರ ಲೈನ್ ಮನೆ ಹುಡುಗ್ರು ಬಂದು ಬಾಗ್ಲು ಹಲಗೆ ಮೇಲೆ ಮಲಗ್ಸಿ ಜೀಪಿಗೆ ಹಾಕಿದ್ರು, ದಾರೀಲಿ ಎರಡು ಕಡೆ ಮರ ಬಿದ್ದಿತ್ತು, ಕಡ್ಕೊಂಡು ಕಡ್ಕೊಂಡು ಚಿಕ್ಕಮಗಳೂರು ಮುಟ್ಟೋ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಬರೀ 30 ಕಿಲೋಮೀಟ್ರಿಗೆ. ಆಮೇಲೆ ಆಪರೇಷನ್ನು, ಮೂರು ತಿಂಗಳು ಹಾಸಿಗೆ.

ಅದಕ್ಕೇ ಹೇಳ್ತೀನಿ ಮಗ, ಹೊಳೆಯೋ ಸೀಲರ್ ಹೊಡಿಸ್ಬೇಡ. ಏನ್ ಬೇಕಾದ್ರೂ ಮಾಡ್ಸು, ಯಾವ್ ಬಣ್ಣ ಬೇಕಾದ್ರೂ ಹಾಕ್ಸು, ಹೊಳಪು ಬೇಡ.

ಕಾಂಕ್ರೀಟ್ ತಾನಾಗಿ ಜಾರಲ್ಲ, ಅದರ ಮೈ ತರಿತರಿ ಇರುತ್ತೆ, ಕಾಲು ಹಿಡಿಯುತ್ತೆ. ಗ್ಲಾಸಿ ಅಕ್ರಿಲಿಕ್ ಸೀಲರ್ ಅಂದ್ರೆ ಆ ತರಿ ಎಲ್ಲ ಮುಚ್ಚಿ ಮೇಲೊಂದು ಪ್ಲಾಸ್ಟಿಕ್ ಪೊರೆ ಕೂತ ಹಾಗೆ, ಎರಡು ಕೋಟ್ ಮೂರು ಕೋಟ್ ಆದಷ್ಟೂ ಪೊರೆ ದಪ್ಪ. ಒಣಗಿದ್ದಾಗ ಏನೂ ಗೊತ್ತಾಗಲ್ಲ. ಮೇಲೆ ನೀರು ಬಿದ್ರೆ ಕಾಲಿಗೂ ಕಾಂಕ್ರೀಟಿಗೂ ಸಂಬಂಧನೇ ತಪ್ಪೋಗುತ್ತೆ. ನಮ್ ಕಡೆ ಇನ್ನೊಂದು, ಹಾವಸೆ. ಅಚ್ಚಿನ ತಗ್ಗಲ್ಲಿ ನೀರು ನಿಂತ್ರೆ ಹದಿನೈದು ದಿನಕ್ಕೆ ಹಸಿರು ಹಿಡೀತದೆ, ಬಿಸಿಲೂರಲ್ಲಿ ಕೂತು ವಿಡಿಯೋ ಮಾಡೋರಿಗೆ ಅದೆಲ್ಲ ಗೊತ್ತಿರಲ್ಲ. ಅಲ್ಲೇ ಮೆಣಸು ಒಣ ಹಾಕಣ ಅಂತ ನಿಮ್ಮ ಮಾವ ಒಂದ್ಸಲ ಹರಡಿದ್ರು, ಸಂದಲ್ಲಿ ಕೂತ ಕಾಳು ಗುಡ್ಸಿ ಗುಡ್ಸಿ ಸಾಕಾಯ್ತು, ಕಣಕ್ಕೆ ನುಣ್ಣಗಿರೋ ನೆಲನೇ ಸರಿ.

ನಿಮ್ಮಮ್ಮಂಗೆ ಆಗ್ಲೇ ಮಂಡಿ ನೋವು, ಕೋಲು ಇಲ್ದೆ ನಡೆಯಲ್ಲ. ಮಗು ಈಗ ಓಡಾಡೋಕೆ ಕಲೀತಿದೆ. ನಿಂಗೆ ಕೈ ಮುಗಿದು ಹೇಳ್ತೀನಿ, ಆ ಹೊಳೆಯೋ ಸೀಲರ್ ಮಾತ್ರ ಹೊಡಿಸ್ಬೇಡ. ಕಾಂಟ್ರಾಕ್ಟರ್ ಇದು ಬೇರೆ ಕಂಪ್ನಿದು ಜಾರಲ್ಲ ಅಂದ್ರೆ ಬಾಯಿ ಮಾತಿಗೆ ಒಪ್ಬೇಡ, ಮೂರಡಿ ಚದರ ಒಂದು ತುಂಡು ಸ್ಯಾಂಪಲ್ ಹಾಕ್ಸು, ಅದೇ ಬಣ್ಣ ಅದೇ ಸೀಲರ್, ಒಣಗಿದ್ಮೇಲೆ ಸೋಪಿನ ನೀರು ಸುರಿದು ಸವೆದಿರೋ ಹವಾಯಿ ಚಪ್ಪಲೀಲಿ ಅವನನ್ನೇ ನಡ್ಸು.

ಮೂರು ತಿಂಗಳು ಮಲಗಿದ್ದೆ ಅಂದ್ನಲ್ಲ, ಆಗ ಈ ಗ್ರೂಪಲ್ಲಿ ಕೈ ಮುಗಿಯೋ ಚಿತ್ರ ಎಷ್ಟೋ ಜನ ಹಾಕಿದ್ರಿ. ಮನೆಗೆ ಬಂದು ಪಕ್ಕದಲ್ಲಿ ಕೂತೋರು ಇಬ್ರು. ನೀನು ಆಗ ಪರೀಕ್ಷೆ ಅಂತ ಇದ್ದೆ, ನಿಂಗೆ ಹೇಳ್ತಿಲ್ಲ. ಮಲಗಿದ್ದಾಗ ನಂಗೆ ಬರ್ತಾ ಇದ್ದಿದ್ದು ಒಂದೇ ಯೋಚ್ನೆ, ನಾನು ಯಾಕೆ ಈ ಕಲ್ಲಿನ ಹಾಗೆ ಕಾಣೋ ಕಾಂಕ್ರೀಟಿಗೆ ಆಸೆ ಪಟ್ಟೆ ಅಂತ. ಯಾಕೆ ಅಂದ್ರೆ ತೌರುಮನೆ ಅಂಗಳ. ಹಳೇ ಮನೇಲಿ ನಿಮ್ಮಜ್ಜ ಹಾಸ್ಸಿದ್ದ ಚಪ್ಪಡಿ 42 ಇತ್ತು, ನಾನು ದಿನಾ ಗುಡಿಸ್ತಾ ಎಣಿಸ್ತಿದ್ದೆ, ಉಳಿ ಹೊಡೆದ ಗುರುತು ಅಂಗಾಲಿಗೆ ಸಿಗ್ತಿತ್ತು. ಎಂಥಾ ಆಷಾಢದ ಮಳೇಲೂ ಅದರ ಮೇಲೆ ಒಬ್ರು ಜಾರಿದ್ದು ನಂಗೆ ನೆನಪಿಲ್ಲ, ನಿಮ್ಮಜ್ಜಿ ಎಂಬತ್ತು ದಾಟಿದ್ಮೇಲೂ ಬರಿಗಾಲಲ್ಲಿ ಓಡಾಡ್ತಿದ್ರು. ಭಾಗ ಆದಾಗ ನನ್ನ ಕರ್ಸಿದ್ದು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಸೈನ್ ಹಾಕೋಕೆ ಮಾತ್ರ. 2005ರಲ್ಲೇ ಹೆಣ್ಮಕ್ಕಳಿಗೂ ಸಮಪಾಲು ಅಂತ ಕಾನೂನು ತಿದ್ದುಪಡಿ ಆಗಿತ್ತು, ಅದು ಗೊತ್ತಿದ್ದೇ ನಾನು ಹಕ್ಕು ಬಿಟ್ಟುಕೊಟ್ಟೆ, ತೌರಿನ ಬಾಗ್ಲು ತೆರೆದಿದ್ರೆ ಸಾಕು ಅಂತ. ತೋಟ ಕೇಳ್ಲಿಲ್ಲ, ಗದ್ದೆ ಕೇಳ್ಲಿಲ್ಲ, ಅಮ್ಮನ ಸರನೂ ಕೇಳ್ಲಿಲ್ಲ. ಆದ್ರೆ ಆ ಕಲ್ಲು ಕಿತ್ತು ಯಾವ್ದೋ ಹೋಂಸ್ಟೇಗೆ ಟ್ರ್ಯಾಕ್ಟರಲ್ಲಿ ತುಂಬಿ ಕಳಿಸೋವಾಗ ಒಂದು ಮಾತು, ಒಂದೇ ಒಂದು ಮಾತು ಹೇಳ್ಬೋದಿತ್ತು. ಹತ್ತು ಚಪ್ಪಡಿ ನಂಗೆ ಕೊಡಿ ದುಡ್ಡು ನಾನೇ ಕೊಡ್ತೀನಿ ಅಂತಿದ್ದೆ. ನಿಮ್ಮಪ್ಪನೂ ಈ ಗ್ರೂಪಲ್ಲಿ ಇದಾರೆ, ಕೆಳಗಿನ ಮನೆಯೋರೂ ಇದಾರೆ, ಬೇಜಾರಾದ್ರೆ ಆಗ್ಲಿ, ಇಷ್ಟು ವರ್ಷ ನಾನು ಬೇಜಾರು ಮಾಡ್ಕೊಂಡಿದೀನಿ.

ಇರ್ಲಿ. ಸೊಸೆ ಅಂತಿದಾಳೆ, ಅತ್ತೆ ಸೋಮವಾರದ ವಿಷ್ಯ ಹೇಳ್ಲೇ ಇಲ್ಲ ಅಂತ. ಅಯ್ಯೋ ಹೌದು ನೋಡು, ಅದೇ ಮುಖ್ಯ. ಸೋಮವಾರದ ಕೆಲಸ ನಿಲ್ಸು ಮಗ, ಇವತ್ತೇ ಫೋನ್ ಮಾಡು. ಮೇ ತಿಂಗಳು ಅರ್ಧ ಆಯ್ತು, ಸಂಜೆ ಸಂಜೆ ಗುಡುಗ್ತಿದೆ, ಅಚ್ಚು ಒತ್ತೋವಾಗ ಹತ್ತು ನಿಮಿಷ ಮಳೆ ಬಂದ್ರೂ ಮೇಲಿನ ಬಣ್ಣ ತೊಳ್ಕೊಂಡು ಹೋಗುತ್ತೆ, ಆಗ ಅವರು ಒಣ ಸಿಮೆಂಟ್ ಉದುರಿಸಿ ಮುಚ್ತಾರೆ, ಅದು ವರ್ಷದೊಳಗೆ ಚಕ್ಕೆ ಚಕ್ಕೆ ಏಳುತ್ತೆ. ಅದಕ್ಕಿಂತ ದೊಡ್ಡದು ಅಂದ್ರೆ ನಿನ್ ಮನೆ ಪಾಯದ ಸುತ್ತ ತುಂಬಿರೋದು ಹೊಸಾ ಮಣ್ಣು, ಅದು ಒಂದು ಮಳೆಗಾಲ ಕುಡಿದು ಕೂರ್ಬೇಕು. ಬಿರುಕಿನ ಭಯ ಅಂದ್ಯಲ್ಲ, ಮೇಲಿನ ಕಾಂಕ್ರೀಟ್ ಎಷ್ಟೇ ಗಟ್ಟಿ ಇದ್ರೂ ಕೆಳಗಿನ ಮಣ್ಣು ಕೂತ್ರೆ ಅದು ಒಡೆದೇ ಒಡೆಯುತ್ತೆ. ಗೃಹಪ್ರವೇಶಕ್ಕೆ ಸದ್ಯಕ್ಕೆ ಜಲ್ಲಿ ಹಾಸಿ ರೋಲರ್ ಹೊಡ್ಸು, ಬಂದೋರ ಕಾಲಿಗೆ ಕೆಸರು ಆಗಲ್ಲ, ಆ ಜಲ್ಲಿನೇ ಆಮೇಲೆ ಬುನಾದಿನೂ ಆಗುತ್ತೆ. ನೀರಿನ ಪೈಪು, ಒಳಚರಂಡಿ, ಗೇಟ್ ಲೈಟಿನ ವೈರು ಎಲ್ಲ ಈಗ್ಲೇ ಹೂತಾಕ್ಸು, ಯಾಕಂದ್ರೆ ಇಂಟರ್‌ಲಾಕ್ ಆದ್ರೆ ಎತ್ತಿ ಮತ್ತೆ ಕೂರಿಸ್ಬೋದು, ಇದನ್ನ ಒಂದ್ಸಲ ಕತ್ತರಿಸಿದ್ರೆ ತೇಪೆ ಬಣ್ಣ ಯಾವತ್ತೂ ಕೂಡಲ್ಲ. ಪೈಪ್ ಕೆಲಸ ಬಾಕಿ ಇದೆ ಅನ್ನೋ ಕಡೆ ಇಂಟರ್‌ಲಾಕೇ ಹಾಕ್ಸು, ಅದರಲ್ಲೇನು ಅವಮಾನ ಇಲ್ಲ.

ಡಿಸೆಂಬರಲ್ಲಿ ಹಾಕ್ಸು. ನಡೆಯೋ ಜಾಗಕ್ಕೆ 4 ಇಂಚು, ಕಾರು ಬರೋ ಕಡೆ 5, ಪಿಕಪ್ಪು ಬರುತ್ತೆ ಅಂದ್ರೆ 6, ಕಾಂಕ್ರೀಟಿನ ಗಟ್ಟಿತನದ ದರ್ಜೆ ಎಂ 25 ಅಂತ ಬರೆಸ್ಕೋ. ಕಲೆಸಿದ ಕಾಂಕ್ರೀಟಿಗೆ ಮೇಲಿಂದ ನೀರು ಸುರಿಯೋಕೆ ಬಿಡ್ಬೇಡ, ಹರಡೋಕೆ ಸುಲಭ ಆಗುತ್ತೆ ಅಂತ ಹುಡುಗ್ರು ಬಕೆಟ್ಟಲ್ಲಿ ಸುರಿದುಬಿಡ್ತಾರೆ, ಕಾಂಕ್ರೀಟ್ ಜೀವ ಅಲ್ಲೇ ಹೋಗುತ್ತೆ. ಕಂಬಿ ಜಾಲರಿ ನೆಲಕ್ಕೆ ತಾಗ್ದೆ ಕವರ್ ಬ್ಲಾಕ್ ಅನ್ನೋ ಸಣ್ಣ ಬಿಲ್ಲೆ ಮೇಲೆ ಕೂತಿರ್ಲಿ. ಗೋಡೆಗೆ ತಾಗೋ ಕಡೆ ಥರ್ಮಾಕೋಲ್ ಪಟ್ಟಿ ಇಡ್ಸು, ಇಳಿಜಾರು ಮನೆಯಿಂದ ಆಚೆಗೆ, 10 ಅಡಿಗೆ ಎರಡು ಎರಡೂವರೆ ಇಂಚು, ನೀರು ಹೊಸಿಲ ಕಡೆ ತಿರುಗ್ಬಾರ್ದು. ಮಾರನೇ ದಿನ ತಪ್ಪದೆ ಕಟಿಂಗ್ ಮೆಷೀನ್ ತರಿಸಿ 8ರಿಂದ 10 ಅಡಿಗೊಂದು ಗೀಟು, ದಪ್ಪದಲ್ಲಿ ಕಾಲು ಭಾಗ ಆಳ, 4 ಇಂಚಿಗೆ 1 ಇಂಚು. ಒಣಗ್ತಾ ಒಣಗ್ತಾ ಕಾಂಕ್ರೀಟ್ ಕುಗ್ಗುತ್ತೆ, ಬಿರುಕು ಬರೋದೇ ಆದ್ರೆ ಆ ಗೀಟಲ್ಲಿ ಬರ್ಲಿ ಅಂತ. ಚಿತ್ರ ಹಾಳಾಗುತ್ತೆ ಬೇಡ ಅಂತಾರೆ, ಅಚ್ಚಿನ ಸಂದು ನೋಡ್ಕೊಂಡೇ ಕುಯ್ಸು ಕಾಣಲ್ಲ. ಬಣ್ಣದ ಕಾಂಕ್ರೀಟಿಗೆ ಒದ್ದೆ ಗೋಣಿ ಹಾಸಿದ್ರೆ ಕಲೆ ನಿಲ್ಲುತ್ತೆ, ತೇವ ಬೇಗ ಆರದ ಹಾಗೆ ತಡೆಯೋ ಕ್ಯೂರಿಂಗ್ ಕಾಂಪೌಂಡ್ ಸ್ಪ್ರೇ ಮಾಡೋಕೆ ಹೇಳು, ಆದ್ರೆ ನೀನು ಆಮೇಲೆ ಹಾಕೋ ಸೀಲರಿಗೆ ಅದು ಹೊಂದುತ್ತಾ ಅಂತ ಮೊದ್ಲೇ ಕೇಳು. ಕಾರು ಒಂದು ತಿಂಗಳು ಆಚೆ ನಿಲ್ಲಿಸ್ಕೋ. ಸೀಲರು 28 ದಿನ ಆದ್ಮೇಲೆ, ಒಳಗೆ ಇಳಿಯೋ ಥರದ್ದು, ಅದು ಪೊರೆ ಕಟ್ಟಲ್ಲ. ಅಕ್ರಿಲಿಕ್ಕೇ ಹಾಕ್ತೀನಿ ಅಂದ್ರೆ ತೆಳ್ಳಗೆ, ಮ್ಯಾಟು, ಹರಳಿನ ಪುಡಿ ನಿನ್ ಕಣ್ಮುಂದೆ ಕಲೆಸ್ಬೇಕು. ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಹೊಡೀಬೇಕಾಗುತ್ತೆ, ಆ ಖರ್ಚೂ ಈಗ್ಲೇ ಲೆಕ್ಕಕ್ಕೆ ಹಿಡ್ಕೋ. ಮೃಗಶಿರ ಮಳೆಗೆ ಮುಂಚೆ ಬ್ಲೀಚಿಂಗ್ ಪುಡಿ ನೀರು ತೆಳ್ಳಗೆ ಮಾಡಿ ಬ್ರಷ್ಷಲ್ಲಿ ಉಜ್ಜಿ ತೊಳಿ, ಮಳೆ ಬಿಟ್ಟಾಗ ಇನ್ನೊಂದ್ಸಲ. ನನ್ನ ಅಂಗಳದ ಪೊರೆ ಎಲ್ಲ ಆಮೇಲೆ ಕರಗ್ಸಿ ತೆಗ್ಸಿದೆ, ಎರಡು ದಿನದ ಕೆಲಸ ಆಯ್ತು, ಈಗ ಹೊಳಪಿಲ್ಲ, ಆವತ್ತಿಂದ ಯಾರೂ ಬಿದ್ದಿಲ್ಲ.

ಇನ್ನೊಂದು, ಇದು ನಿನ್ ಹೆಂಡ್ತಿಗೆ. ಅಚ್ಚಿನ ಮೇಲೆ ರಂಗೋಲಿ ಕೂರಲ್ಲಮ್ಮ, ಪುಡಿ ಎಲ್ಲ ಸಂದಿಗೆ ಹೋಗುತ್ತೆ, ಎಳೆ ನಿಲ್ಲಲ್ಲ. ಹೊಸಿಲ ಮುಂದೆ ನಾಲ್ಕಡಿ ಜಾಗ ಅಚ್ಚು ಒತ್ತಿಸ್ದೆ ಬಿಡ್ಸು. ಹಳೇ ಮನೆ ಹಿತ್ತಲಲ್ಲಿ ಬಾವಿ ಪಕ್ಕ ಬಟ್ಟೆ ಒಗಿಯೋ ಕಲ್ಲು ಅಂತ ಮಾಡ್ಕೊಂಡಿದ್ರಲ್ಲ, ಅದು ಆ 42ರಲ್ಲಿ ಒಂದು, ಟ್ರ್ಯಾಕ್ಟರಿಗೆ ಎತ್ತೋಕಾಗ್ಲಿಲ್ಲ ಅಂತ ಉಳಿದಿದ್ದು. ಅಣ್ಣ, ಅದನ್ನ ಹುಡುಗನಿಗೆ ಕೊಡು, ಹೊಸಿಲ ಮುಂದೆ ಆ ಜಾಗದಲ್ಲಿ ಕೂರಿಸ್ಲಿ, ನಂಗೆ ಬೇಡ. ಮಗ ನೀನು ಈ ಭಾನುವಾರ ಟೇಪ್ ತಗೊಂಡು ಹೋಗಿ ಅಳತೆ ಮಾಡು, ದಪ್ಪನೂ ನೋಡು, ಅಷ್ಟು ತಗ್ಗು ಬಿಟ್ಟು ಉಳಿದ ಕಾಂಕ್ರೀಟ್ ಹಾಕೋಕೆ ಹೇಳ್ಬೇಕಾಗುತ್ತೆ.